ಕರೆಯಲು ಬಂದವರಿಗೆ ಮತ: ಬೀದರ್, ಭಾಲ್ಕಿ, ಔರಾದ್‌ಗಳ ಚುನಾವಣಾ ನಡೆ

2018ರ ವಿಧಾನಸಭಾ ಚುನಾವಣೆಯಲ್ಲಿ ಬೀದರ್ ನಗರ ಕ್ಷೇತ್ರದ ಬಿಜೆಪಿ ಅಭ್ಯರ್ಥಿಗೆ ಸುಮಾರು 63 ಸಾವಿರ ಮತ ಬಂದಿದ್ದವು. 2023ರಲ್ಲಿ ಅದೇ ಪಕ್ಷದ ಅಭ್ಯರ್ಥಿಗೆ ಬಿದ್ದ ಮತ 17,779. ನಡುವಿನ ಐದು ವರ್ಷದಲ್ಲಿ ಬೀದರಿನ ಜನ ಬಿಜೆಪಿಯ ಮೇಲೆ ಮುನಿಸಿಕೊಂಡಿದ್ದರೇ? ಅಂಥದ್ದೇನೂ ಕಾಣುವುದಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಆ ಪಕ್ಷದ ಭಗವಂತ ಖೂಬಾ ಇಲ್ಲಿಂದ ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ ಗೆದ್ದಿದ್ದರು. 2023ರಲ್ಲೇ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಪೈಕಿ ನಾಲ್ಕು ಬಿಜೆಪಿಯ ಪಾಲಾದವು.

ನಡೆದದ್ದು ಇಷ್ಟೇ. 2018ರಲ್ಲಿ ಬಿಜೆಪಿಯಿಂದ ನಿಂತಿದ್ದ ಸೂರ್ಯಕಾಂತ ನಾಗಮಾರಪಳ್ಳಿ 2023ರಲ್ಲಿ ಜೆಡಿಎಸ್‌ನಿಂದ ನಿಂತರು. 58,385 ಮತಗಳು ಅವರ ಬೆನ್ನಿಗೇ ಹೋದವು. ಎರಡೂ ಸಲ ಗೆದ್ದವರು ಕಾಂಗ್ರೆಸ್ಸಿನ ರಹೀಂ ಖಾನ್; ಎರಡೂ ಸಲ ಗೆಲುವಿನ ಅಂತರ ಹತ್ತು ಸಾವಿರದ ಮೇಲೆ ತುಸು. ಬಾವುಟ ಬದಲಾಯಿತು, ಚಿಹ್ನೆ ಬದಲಾಯಿತು, ಕ್ಷೇತ್ರದ ಲೆಕ್ಕ ಮಾತ್ರ ಇದ್ದಲ್ಲೇ ಇತ್ತು.

ಈ ಉಪನ್ಯಾಸದ ವಿಷಯ ಸಣ್ಣ ಪಟ್ಟಣಗಳ ರಾಜಕೀಯ ಒಲವು ಮತ್ತು ಮತದಾನದ ಪ್ರಮಾಣ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡುವುದು ರೂಢಿ. ಒಲವು ಎಂದರೆ ಪಕ್ಷ, ಜಾತಿ, ಅಲೆ. ಮತದಾನದ ಪ್ರಮಾಣ ಎಂದರೆ ನಾಗರಿಕರ ಜಾಗೃತಿ, ಅದಕ್ಕಾಗಿ ಜಾಥಾ, ರಂಗೋಲಿ, ಸೈಕಲ್ ರ‍್ಯಾಲಿ. ಬೀದರ್ ಜಿಲ್ಲೆಯ ಮೂರು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎರಡಕ್ಕೂ ಬೇರು ಒಂದೇ ಎಂದು ತೋರುತ್ತದೆ. ಇಲ್ಲಿನ ಮತ ಪಕ್ಷಕ್ಕಿಂತ ಹೆಚ್ಚಾಗಿ ಒಂದು ಮನೆತನಕ್ಕೆ, ಒಂದು ಸಹಕಾರಿ ಸಂಘಕ್ಕೆ, ಒಂದು ಮಠಕ್ಕೆ, ಒಂದು ತಾಂಡಾಕ್ಕೆ ಅಂಟಿಕೊಂಡಿದೆ. ಆ ಅಂಟು ಗಟ್ಟಿಯಾಗಿರುವಲ್ಲಿ ಜನ ಮತಗಟ್ಟೆಗೆ ಬರುತ್ತಾರೆ, ಸಡಿಲವಾದಲ್ಲಿ ಬರುವುದಿಲ್ಲ.

ಮೊದಲು ಹಿನ್ನೆಲೆ. ಬೀದರ್ ಈಗಿನ ಆಕಾರ ಪಡೆದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಇದು ಹೈದರಾಬಾದ್ ರಾಜ್ಯದ ದೊಡ್ಡ ಜಿಲ್ಲೆ. ಭಾಷಾವಾರು ವಿಂಗಡಣೆಯಾದಾಗ ಉದಗೀರ್, ನಿಲಂಗಾ, ಅಹಮದ್‌ಪುರ ಅಂದಿನ ಮುಂಬೈ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯ ಭಾಗ ಮೈಸೂರಿಗೆ ಬಂತು. ಬೀಗತನ, ಹೊಲ, ಸಾಲ, ಸಂತೆ ಮೂರೂ ರಾಜ್ಯಗಳಲ್ಲಿ ಹಂಚಿಹೋದವು. ಔರಾದಿನ ಒಕ್ಕಲಿಗೆ ಉದಗೀರಿನ ಪೇಟೆ ಹತ್ತಿರ, ಬೀದರಿನ ಹುಡುಗನಿಗೆ ಹೈದರಾಬಾದ್ ಹತ್ತಿರ. ಬೆಂಗಳೂರು ಮಾತ್ರ ಏಳುನೂರು ಕಿಲೋಮೀಟರ್ ದೂರ.

ಮೊದಲ ಮಹಾಚುನಾವಣೆ ನಡೆದ 1952ರಲ್ಲಿ ಹೈದರಾಬಾದ್ ರಾಜ್ಯ ಇನ್ನೂ ಇತ್ತು. ನಿಜಾಮರ ಆಳ್ವಿಕೆ ಮುಗಿದು ಮೂರೂವರೆ ವರ್ಷವೂ ಆಗಿರಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ಅದಕ್ಕೂ ಮೊದಲಿನ ರಜಾಕಾರರ ಹಾವಳಿ, ಆಮೇಲಿನ ಹಿಂಸೆ ಎಲ್ಲವೂ ಜನರ ಮೈಮೇಲೆ ಹಸಿಯಾಗಿತ್ತು. ಹಾಗಿದ್ದೂ ಬೀದರ್ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿನ ಶೌಕತುಲ್ಲಾ ಷಾ ಅನ್ಸಾರಿಯವರನ್ನು ಆರಿಸಿ ಕಳಿಸಿತು. ಉತ್ತರ ಭಾರತದ ಪ್ರಸಿದ್ಧ ಅನ್ಸಾರಿ ಕುಟುಂಬದವರು, ಮುಂದೆ ಒಡಿಶಾದ ರಾಜ್ಯಪಾಲರಾದವರು. ಆ ಫಲಿತಾಂಶವನ್ನು ಇಂದಿನ ಟಿವಿ ಚರ್ಚೆಯ ಲೆಕ್ಕಾಚಾರದಿಂದ ಅರ್ಥಮಾಡಿಕೊಳ್ಳಲು ಹೊರಟರೆ ತಲೆ ಕೆಟ್ಟೀತು.

ಆಮೇಲೆ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿ 2008ರ ಮರುವಿಂಗಡಣೆಯವರೆಗೂ ಹಾಗೆಯೇ ಉಳಿಯಿತು. ಆ ಅವಧಿಯ ಬಹುದೊಡ್ಡ ಹೆಸರು ರಾಮಚಂದ್ರ ವೀರಪ್ಪ. 1962 ಮತ್ತು 1967ರಲ್ಲಿ ಅವರು ಕಾಂಗ್ರೆಸ್ ಸಂಸದ. 1991ರಿಂದ ಬಿಜೆಪಿ ಸಂಸದ; 1996, 1998, 1999, 2004 ಹೀಗೆ ಗೆಲ್ಲುತ್ತಲೇ ಹೋಗಿ 2004ರಲ್ಲಿ ಗೆದ್ದ ಕೆಲವೇ ತಿಂಗಳಿಗೆ ತೀರಿಕೊಂಡರು. ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ನರಸಿಂಗರಾವ್ ಸೂರ್ಯವಂಶಿ ಗೆದ್ದರು. ಹದಿಮೂರು ವರ್ಷ ‘ಬಿಜೆಪಿಯ ಭದ್ರಕೋಟೆ’ ಎಂದು ಪತ್ರಿಕೆಗಳು ಬರೆದದ್ದರಲ್ಲಿ ಕೋಟೆ ಎಷ್ಟು, ವೀರಪ್ಪನವರು ಎಷ್ಟು ಎಂಬುದಕ್ಕೆ ಆ ಉಪಚುನಾವಣೆ ಉತ್ತರ ಕೊಟ್ಟಿತು.

ಬೀದರ್ ನಗರದ ನಾಗಮಾರಪಳ್ಳಿ ಮನೆತನದ ಕಥೆಯೂ ಇದೇ ಜಾಡಿನದು, ಇನ್ನೂ ಸ್ವಾರಸ್ಯದ್ದು. ಸೂರ್ಯಕಾಂತರ ತಂದೆ ಗುರುಪಾದಪ್ಪ ನಾಗಮಾರಪಳ್ಳಿ ಮೊದಲು ಔರಾದನ್ನು ಪ್ರತಿನಿಧಿಸುತ್ತಿದ್ದರು. 2008ರಲ್ಲಿ ಔರಾದ್ ಮೀಸಲು ಕ್ಷೇತ್ರವಾದಾಗ ಬೀದರಿಗೆ ಬಂದು ಕಾಂಗ್ರೆಸ್ಸಿನಿಂದ ಗೆದ್ದರು. ಮರುವರ್ಷವೇ ಬಿಜೆಪಿ ಸೇರಿ ಲೋಕಸಭೆಗೆ ನಿಂತು ಧರ್ಮಸಿಂಗ್ ಎದುರು ಸೋತರು. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿಯಿಂದ ನಿಂತು ಗೆದ್ದರು. ಆ ಪಕ್ಷಕ್ಕೆ ಇಡೀ ರಾಜ್ಯದಲ್ಲಿ ಸಿಕ್ಕ ಸ್ಥಾನ ಆರು, ಅದರಲ್ಲಿ ಒಂದು ಬೀದರ್. 2015ರಲ್ಲಿ ಅವರು ತೀರಿಕೊಂಡ ಮೇಲೆ 2016ರ ಫೆಬ್ರವರಿಯ ಉಪಚುನಾವಣೆಯಲ್ಲಿ ರಹೀಂ ಖಾನ್ ಗೆದ್ದರು. ಒಂದೇ ಮನೆಯವರು ಕಾಂಗ್ರೆಸ್, ಬಿಜೆಪಿ, ಕೆಜೆಪಿ, ಜೆಡಿಎಸ್ ಎಂಬ ನಾಲ್ಕು ಬಾಗಿಲು ನೋಡಿ ಬಂದರೂ ಅವರ ಮತದಾರ ಚದುರಲಿಲ್ಲ.

ಇದನ್ನು ‘ಪಕ್ಷಾಂತರ’ ಎಂಬ ಒಂದೇ ಮಾತಿನಲ್ಲಿ ಬೈದು ಮುಗಿಸುವುದು ಸುಲಭ. ಆದರೆ ಗುರುಪಾದಪ್ಪನವರ ಇನ್ನೊಂದು ಗುರುತನ್ನು ಮರೆಯುವಂತಿಲ್ಲ. ಅವರು ಬಹುಕಾಲ ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದರು. ಊರಿನವರ ಬಾಯಲ್ಲಿ ಅದು ‘ಡಿಸಿಸಿ ಬ್ಯಾಂಕು’. ಮಹಿಳಾ ಸ್ವಸಹಾಯ ಗುಂಪುಗಳಿಗೆ ನೇರವಾಗಿ ಸಾಲ ಕೊಟ್ಟು ದೇಶದ ಸಹಕಾರ ವಲಯವೇ ತಿರುಗಿ ನೋಡುವಂತೆ ಮಾಡಿದ ಬ್ಯಾಂಕು ಅದು. ಹಳ್ಳಿಯ ಹದಿನೈದು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂತು ಉಳಿತಾಯದ ಪುಸ್ತಕದಲ್ಲಿ ಬರೆಸಿ, ಆ ಪುಸ್ತಕ ತೋರಿಸಿ ಎಮ್ಮೆಗೋ ಹೊಲಿಗೆ ಯಂತ್ರಕ್ಕೋ ಸಾಲ ತಂದುಕೊಂಡರೆ, ಆ ಸಾಲ ಕೊಟ್ಟ ಬ್ಯಾಂಕಿನ ಅಧ್ಯಕ್ಷರ ಹೆಸರು ಅವರಿಗೆ ಯಾವ ಪ್ರಣಾಳಿಕೆಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ (ಪ್ಯಾಕ್ಸ್) ಕಾರ್ಯದರ್ಶಿ, ಸಕ್ಕರೆ ಕಾರ್ಖಾನೆಯ ನಿರ್ದೇಶಕ, ಕಬ್ಬು ಕಡಿಯುವ ಗ್ಯಾಂಗಿನ ಮುಖಂಡ ಹೀಗೆ ಒಬ್ಬರ ಕೈ ಇನ್ನೊಬ್ಬರು ಹಿಡಿದ ಸರಪಳಿ ಇದು. ನಾರಂಜಾ, ಮಹಾತ್ಮಾ ಗಾಂಧಿ, ಬಿಎಸ್‌ಎಸ್‌ಕೆ ಕಾರ್ಖಾನೆಗಳ ಆಡಳಿತ ಮಂಡಳಿ ಚುನಾವಣೆ ಈ ಜಿಲ್ಲೆಯಲ್ಲಿ ವಿಧಾನಸಭಾ ಚುನಾವಣೆಯಷ್ಟೇ ಬಿಸಿಯಾಗಿ ನಡೆಯುವುದು ಸುಮ್ಮನೆ ಅಲ್ಲ.

ಭಾಲ್ಕಿಗೆ ಬಂದರೆ ಹೆಸರು ಒಂದೇ: ಖಂಡ್ರೆ. ಸ್ವಾತಂತ್ರ್ಯ ಹೋರಾಟ, ಹೈದರಾಬಾದ್ ವಿಮೋಚನೆ, ಕರ್ನಾಟಕ ಏಕೀಕರಣ ಮೂರರಲ್ಲೂ ಇದ್ದ ಭೀಮಣ್ಣ ಖಂಡ್ರೆ ಇಲ್ಲಿಂದ ನಾಲ್ಕು ಸಲ ಶಾಸಕರಾಗಿ ಮಂತ್ರಿಯೂ ಆದರು. ಹಿರಿಯ ಮಗ ವಿಜಯಕುಮಾರ ಖಂಡ್ರೆ ಶಾಸಕರಾದರು. ಅನಂತರ ಬಿಜೆಪಿಯಿಂದ ಗೆದ್ದವರು ಯಾರು? ಅದೇ ಬಳಗದ ಪ್ರಕಾಶ ಖಂಡ್ರೆ. 2004ರಲ್ಲಿ ಪ್ರಕಾಶರೆದುರು ಸೋತ ಈಶ್ವರ ಖಂಡ್ರೆ 2008ರಿಂದ ಕಾಂಗ್ರೆಸ್ಸಿನಲ್ಲಿ ಸತತ ನಾಲ್ಕು ಸಲ ಗೆದ್ದಿದ್ದಾರೆ. 2023ರಲ್ಲಿ ಮತ್ತೆ ಈಶ್ವರ ಖಂಡ್ರೆಗೆ 99,720, ಪ್ರಕಾಶ ಖಂಡ್ರೆಗೆ 72,014. ಹೊರಗಿನಿಂದ ನೋಡುವವರಿಗೆ ಇದು ಕಾಂಗ್ರೆಸ್–ಬಿಜೆಪಿ ಕಾಳಗ. ಭಾಲ್ಕಿಯ ಗಾಂಧಿಚೌಕಿನಲ್ಲಿ ಚಹಾ ಕುಡಿಯುವವರಿಗೆ ಒಂದೇ ಅಂಗಳದ ಎರಡು ಮನೆಗಳ ಪಂದ್ಯ.

ಇಂಥ ಮನೆತನದ ಹಿಡಿತ ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಸಂಗತಿಯನ್ನೂ ಇಡಬೇಕು. ಬೀದರ್, ಭಾಲ್ಕಿ, ಔರಾದ್ ಮೂರೂ ಕ್ಷೇತ್ರಗಳ ಮತದಾರರ ಸಂಖ್ಯೆ ಹೆಚ್ಚೂಕಡಿಮೆ ಎರಡರಿಂದ ಎರಡೂವರೆ ಲಕ್ಷದ ಒಳಗಿನದು. 2023ರಲ್ಲಿ ಬೀದರ್ ನಗರದಲ್ಲಿ ಮೊದಲ ಮೂವರು ಅಭ್ಯರ್ಥಿಗಳಿಗೆ ಬಿದ್ದ ಮತಗಳನ್ನೆಲ್ಲ ಕೂಡಿಸಿದರೆ 1,45,329. ಭಾಲ್ಕಿಯಲ್ಲಿ ಇಬ್ಬರು ಖಂಡ್ರೆಗಳೇ ಹಂಚಿಕೊಂಡದ್ದು 1,71,734. ಔರಾದಿನಲ್ಲಿ ಮೊದಲ ಇಬ್ಬರದು 1,53,195. ಜಿಲ್ಲಾಧಿಕಾರಿ ಕಚೇರಿ, ಕಾಲೇಜುಗಳು, ವಾಯುಪಡೆಯ ನೆಲೆ, ನಡೆದುಹೋಗುವಷ್ಟು ಹತ್ತಿರದಲ್ಲಿ ಮತಗಟ್ಟೆ ಎಲ್ಲ ಇರುವ ಜಿಲ್ಲಾ ಕೇಂದ್ರ ಹಿಂದೆ. 2011ರ ಜನಗಣತಿಯಲ್ಲಿ 40 ಸಾವಿರ ಜನಸಂಖ್ಯೆಯ ಭಾಲ್ಕಿ ಮತ್ತು ಅದರ ಹಳ್ಳಿಗಳು ಮುಂದೆ. 20 ಸಾವಿರವೂ ತುಂಬದ ಔರಾದ್ ಮತ್ತು ಅದರ ತಾಂಡಾಗಳೂ ಮುಂದೆ.

ಓದು ಹೆಚ್ಚಿದಷ್ಟೂ ಮತದಾನ ಹೆಚ್ಚುತ್ತದೆ ಎಂಬ ಪಾಠ ಇಲ್ಲಿ ನಡೆಯುವುದಿಲ್ಲ. ಬೀದರಿನಲ್ಲಷ್ಟೇ ಅಲ್ಲ, ರಾಜ್ಯದಲ್ಲೂ ನಡೆಯುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಜನ ಮತ ಹಾಕಿದರೆ ಬೆಂಗಳೂರು ದಕ್ಷಿಣದಲ್ಲಿ ಶೇ 53. ಅಮೆರಿಕ, ಯುರೋಪುಗಳಲ್ಲಿ ಉಳ್ಳವರು ಹೆಚ್ಚು ಮತ ಹಾಕುತ್ತಾರೆ, ಬಡವರು ಹಿಂದುಳಿಯುತ್ತಾರೆ ಎಂದು ಅಲ್ಲಿನ ಅಧ್ಯಯನಗಳು ಹೇಳುತ್ತವೆ. ಭಾರತದಲ್ಲಿ ಬಡವರು, ದಲಿತರು, ಹಳ್ಳಿಯವರು ಹಿಂದೆ ಬೀಳದೆ ಮತ ಹಾಕುವುದನ್ನು 1990ರ ದಶಕದಿಂದಲೂ ಸಮೀಕ್ಷೆಗಳು ದಾಖಲಿಸುತ್ತ ಬಂದಿವೆ. ಬಡವನಿಗೆ ಸರ್ಕಾರದ ಅಗತ್ಯ ಹೆಚ್ಚು ಎಂಬುದು ಒಂದು ಕಾರಣ. ಬಡವನ ಮನೆಗೆ ಆ ದಿನವಾದರೂ ಯಾರಾದರೂ ಬರುತ್ತಾರೆ ಎಂಬುದು ಇನ್ನೊಂದು ಕಾರಣ. ಬೀದರಿನ ಮಟ್ಟಿಗೆ ಎರಡನೆಯದೇ ತೂಕದ್ದು.

ಮತದಾನದ ದಿನ ಭಾಲ್ಕಿ ತಾಲ್ಲೂಕಿನ ಯಾವುದೇ ಹಳ್ಳಿಯ ಶಾಲೆಯ ಹತ್ತಿರ ಹೋದರೂ ಕಾಣುವುದು ಇದು. ಮತಗಟ್ಟೆಯಿಂದ ಇನ್ನೂರು ಮೀಟರ್ ಆಚೆ, ಬೇವಿನ ಮರದ ಕೆಳಗೋ ಹಾಕಿದ ಪರದೆಯ ಕೆಳಗೋ, ಪಕ್ಷಕ್ಕೊಂದು ಮೇಜು. ಮೇಜಿನ ಮೇಲೆ ಮತದಾರರ ಪಟ್ಟಿಯ ಜೆರಾಕ್ಸ್ ಪ್ರತಿ, ಅದರ ಮೇಲೆ ಸ್ಕೇಲು, ಪೆನ್ಸಿಲ್ಲು. ಹಾಕಿ ಬಂದವರ ಹೆಸರಿನ ಮೇಲೆ ಗೆರೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಗೆರೆ ಬೀಳದ ಹೆಸರುಗಳನ್ನು ಒಬ್ಬ ಚೀಟಿಗೆ ಇಳಿಸಿಕೊಳ್ಳುತ್ತಾನೆ. ಆಮೇಲೆ ಬೈಕು ಓಣಿ ಹಿಡಿಯುತ್ತದೆ. ‘ಯಾಕ ಕಾಕಾ, ಇನ್ನಾ ಬಂದಿಲ್ಲ? ಕಾಕಿಗೂ ಕರಕೊಂಡು ಬರ್ರಿ, ನಾ ಇಲ್ಲೇ ನಿಂತೀನಿ’ ಎಂದು ಬಾಗಿಲಲ್ಲೇ ನಿಂತರೆ ಎದ್ದು ಬಾರದೆ ಉಪಾಯವಿಲ್ಲ. ಬೀದರಿನ ಬಿಸಿಲು ಮೇ ತಿಂಗಳಲ್ಲಿ 41–42 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಲ್ಲಿ ಯಾರನ್ನೂ ಹೊಸ್ತಿಲು ದಾಟಿಸುವ ಶಕ್ತಿ ಭಿತ್ತಿಪತ್ರಕ್ಕೆ ಇಲ್ಲ.

ಇದೇ ದಿನ ಬೀದರ್ ನಗರದ ಹೊಸ ಬಡಾವಣೆಗಳಲ್ಲಿ ಬೈಕು ಬರುವುದಿಲ್ಲ. ಅಲ್ಲಿರುವವರು ಶಿಕ್ಷಕರು, ನೌಕರರು, ಹಳ್ಳಿ ಬಿಟ್ಟು ಮಕ್ಕಳ ಓದಿಗೆ ಬಂದು ಬಾಡಿಗೆ ಮನೆ ಹಿಡಿದವರು. ಅವರ ಹೆಸರು ಇನ್ನೂ ಊರಿನ ಪಟ್ಟಿಯಲ್ಲೇ ಇರುತ್ತದೆ, ಇಲ್ಲವೇ ಎರಡು ಮನೆ ಹಿಂದಿನ ವಿಳಾಸದಲ್ಲಿರುತ್ತದೆ. ಯಾವ ಕಾರ್ಯಕರ್ತನಿಗೂ ಅವರ ಮುಖ ಗೊತ್ತಿಲ್ಲ. ಅವರಿಗೂ ಯಾವ ಕಾರ್ಯಕರ್ತನ ಹಂಗಿಲ್ಲ. ಹಂಗಿಲ್ಲದವನು ಸ್ವತಂತ್ರವಾಗಿ ಯೋಚಿಸಿ ಮತ ಹಾಕುತ್ತಾನೆ ಎಂಬುದು ರಾಜ್ಯಶಾಸ್ತ್ರದ ಪುಸ್ತಕದ ಆಸೆ. ಬೀದರಿನಲ್ಲಿ ಹಂಗಿಲ್ಲದವನು ಬಹುಮಟ್ಟಿಗೆ ಮನೆಯಲ್ಲೇ ಉಳಿಯುತ್ತಾನೆ.

ಹಳೆಯ ನಗರದ ಮಾತು ಬೇರೆ. ಕೋಟೆ, ಚೌಬಾರಾ, ಗವಾನ್ ಮದರಸಾದ ಸುತ್ತಲಿನ ಓಣಿಗಳಲ್ಲಿ ಮುಸ್ಲಿಂ ಮತದಾರರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿ ಒಬ್ಬರನ್ನೊಬ್ಬರು ಬಲ್ಲ ಮಸೀದಿ, ಮೊಹಲ್ಲಾಗಳ ಸಂಬಂಧ ಇನ್ನೂ ಬಿಗಿಯಾಗಿದೆ. ಕಾಂಗ್ರೆಸ್ಸಿನಿಂದ ರಹೀಂ ಖಾನ್ 2009ರ ಉಪಚುನಾವಣೆಯಿಂದ ಇಲ್ಲಿಯವರೆಗೆ ಒಂದೇ ಒಂದು ಸಲ, ಅದೂ ಗುರುಪಾದಪ್ಪನವರ ಕೈಯಲ್ಲಿ, ಸೋತದ್ದಕ್ಕೆ ಈ ಓಣಿಗಳೂ ಕಾರಣ, ಲಿಂಗಾಯತ ಮತ್ತು ಇತರ ಹಿಂದೂ ಮತಗಳ ಒಂದು ಪಾಲು ಅವರಿಗೆ ತಪ್ಪದೆ ಬಿದ್ದದ್ದೂ ಕಾರಣ. 2023ರಲ್ಲಿ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ಆಗಿನ ಸರ್ಕಾರ ರದ್ದುಮಾಡಿದ್ದು ಚುನಾವಣೆಗೆ ಒಂದೂವರೆ ತಿಂಗಳು ಮುಂಚೆ. ಆ ಬೇಗುದಿ ಹಳೆಯ ನಗರದಲ್ಲಿತ್ತು. ಆದರೂ ಗೆಲುವಿನ ಅಂತರ 2018ಕ್ಕಿಂತ ಐದಾರು ನೂರು ಮತವಷ್ಟೇ ಹೆಚ್ಚಿತು.

ಔರಾದ್ ಇನ್ನೊಂದು ಬಗೆಯದು. ಇದು 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಅಂದಿನಿಂದ ಇಂದಿನವರೆಗೆ ಗೆಲ್ಲುತ್ತಿರುವವರು ಬಂಜಾರ ಸಮುದಾಯದ ಪ್ರಭು ಚವ್ಹಾಣ್, ನಾಲ್ಕೂ ಸಲ ಬಿಜೆಪಿಯಿಂದ. 2021ರಲ್ಲಿ ಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದಾಗ ಅವರು ಲಂಬಾಣಿ ಉಡುಪಿನಲ್ಲಿ ಬಂದು ಗೋಮಾತೆ ಮತ್ತು ಸಂತ ಸೇವಾಲಾಲರ ಹೆಸರು ಹೇಳಿದ್ದನ್ನು ಬೆಂಗಳೂರು ವಿನೋದವಾಗಿ ಕಂಡಿತು. ಔರಾದಿನ ತಾಂಡಾಗಳಲ್ಲಿ ಅದನ್ನು ಹಾಗೆ ಕಾಣಲಿಲ್ಲ. ಗಡಿಯ ತಮಾಷೆಯೊಂದನ್ನು ಇಲ್ಲಿ ಗಮನಿಸಬೇಕು: ಬಂಜಾರರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಔರಾದಿನ ಒಂದು ತಾಂಡಾದ ಹೆಣ್ಣು ಮದುವೆಯಾಗಿ ಗಡಿಯಾಚೆ ಹತ್ತಿಪ್ಪತ್ತು ಕಿಲೋಮೀಟರ್ ಹೋದರೆ ಸರ್ಕಾರದ ಕಡತದಲ್ಲಿ ಸಮುದಾಯದ ವರ್ಗವೇ ಬದಲು.

ಅಲ್ಲಿ ಮೀಸಲಾತಿ ಎಂದರೆ ದಿನಬಳಕೆಯ ಪ್ರಶ್ನೆ. 2023ರ ಮಾರ್ಚಿನಲ್ಲಿ ಬೊಮ್ಮಾಯಿ ಸರ್ಕಾರ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನ ಪ್ರಕಟಿಸಿ ಬಂಜಾರ, ಭೋವಿ ಮೊದಲಾದವರಿಗೆ ಶೇ 4.5 ಎಂದಾಗ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಯ ಮುಂದೆ ಕಲ್ಲು ತೂರಾಟವಾಯಿತು. ಅದಕ್ಕೆ ಎರಡು ತಿಂಗಳು ಮೊದಲು, ಜನವರಿ 19ರಂದು, ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ಬೀದರ್ ಸೇರಿ ಐದು ಜಿಲ್ಲೆಗಳ ತಾಂಡಾ ನಿವಾಸಿಗಳ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟಿದ್ದರು. ಒಂದು ಕೈಯಲ್ಲಿ ಹಕ್ಕುಪತ್ರ, ಇನ್ನೊಂದು ಕೈಯಲ್ಲಿ ಒಳಮೀಸಲಾತಿಯ ಆತಂಕ. ಔರಾದಿನ ತಾಂಡಾ ಎರಡನ್ನೂ ತೂಗಿ ಮತ ಹಾಕಿತು. ಚವ್ಹಾಣರಿಗೆ 81,382, ಕಾಂಗ್ರೆಸ್ಸಿನ ಡಾ. ಭೀಮಸೇನರಾವ್ ಶಿಂಧೆಯವರಿಗೆ 71,813.

ಔರಾದ್, ಭಾಲ್ಕಿಗಳಲ್ಲಿ ಮರಾಠರ ಸಂಖ್ಯೆಯೂ ದೊಡ್ಡದು. ಪ್ರವರ್ಗ 3ಬಿಯಲ್ಲಿರುವ ಅವರ ಬೇಡಿಕೆ 2ಎ. ನೆರೆಯ ಬಸವಕಲ್ಯಾಣದ ಉಪಚುನಾವಣೆಗೆ ಮುನ್ನ, 2020ರ ನವೆಂಬರಿನಲ್ಲಿ, ರಾಜ್ಯ ಸರ್ಕಾರ ಮರಾಠಾ ಅಭಿವೃದ್ಧಿ ಪ್ರಾಧಿಕಾರವನ್ನು ಘೋಷಿಸಿ 50 ಕೋಟಿ ರೂಪಾಯಿ ಎಂದಿತು. ಕನ್ನಡ ಸಂಘಟನೆಗಳು ಬಂದ್‌ಗೆ ಇಳಿದವು. ಬೆಂಗಳೂರಿನಲ್ಲಿ ಅದು ಭಾಷೆಯ ಜಗಳವಾಗಿ ಕಂಡಿತು. ಬೀದರಿನ ಗಡಿಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ನಾಲ್ಕೂ ಒಂದೇ ಕಟ್ಟೆಯ ಮೇಲೆ ಕೂರುತ್ತವೆ. ಇದೇ ನೆಲದಲ್ಲಿ ನಿಜಾಮರ ಕಾಲಕ್ಕೆ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಮಠದ ಮಾತಿಗೆ ಇಂದಿಗೂ ಭಾಲ್ಕಿಯಲ್ಲಿ ಬೆಲೆ ಇದೆ. 2017ರ ಜುಲೈ 19ರಂದು ಪ್ರತ್ಯೇಕ ಲಿಂಗಾಯತ ಧರ್ಮದ ಮಾನ್ಯತೆ ಕೇಳಿದ ಮೊದಲ ಬೃಹತ್ ಸಮಾವೇಶ ಸೇರಿದ್ದೂ ಬೀದರಿನಲ್ಲೇ. ಆ ಚಳವಳಿ 2018ರಲ್ಲಿ ಕಾಂಗ್ರೆಸ್ಸಿಗೆ ರಾಜ್ಯಾದ್ಯಂತ ಹೊಡೆತ ಕೊಟ್ಟಿತೆಂದು ವಿಶ್ಲೇಷಕರು ಬರೆದರು. ಅದು ಹುಟ್ಟಿದ ಜಿಲ್ಲೆಯಲ್ಲೇ ಕಾಂಗ್ರೆಸ್ ಆರರಲ್ಲಿ ನಾಲ್ಕು ಗೆದ್ದಿತ್ತು ಎಂಬುದನ್ನು ಬರೆದವರು ಕಡಿಮೆ.

ಈ ಜಿಲ್ಲೆಯ ಒಲವನ್ನು ಅಲೆಯ ಲೆಕ್ಕದಲ್ಲಿ ಹಿಡಿಯಲು ಹೊರಟವರಿಗೆ ಇನ್ನೊಂದು ಒಗಟಿದೆ. 2018ರಲ್ಲಿ ಕಾಂಗ್ರೆಸ್ಸಿಗೆ ನಾಲ್ಕು, ಜೆಡಿಎಸ್‌ಗೆ ಒಂದು, ಬಿಜೆಪಿಗೆ ಒಂದು ಸ್ಥಾನ ಕೊಟ್ಟ ಜಿಲ್ಲೆ ಮರುವರ್ಷ ಲೋಕಸಭೆಗೆ ಬಿಜೆಪಿಯ ಖೂಬಾ ಅವರನ್ನು 1.16 ಲಕ್ಷ ಮತಗಳಿಂದ ಗೆಲ್ಲಿಸಿತು. ಸೋತವರು ಈಶ್ವರ ಖಂಡ್ರೆ. 2023ರಲ್ಲಿ ಬಿಜೆಪಿಗೆ ನಾಲ್ಕು ಕೊಟ್ಟ ಜಿಲ್ಲೆ ಮರುವರ್ಷ ಕೇಂದ್ರ ಸಚಿವರಾಗಿದ್ದ ಅದೇ ಖೂಬಾ ಅವರನ್ನು 1,28,875 ಮತಗಳಿಂದ ಸೋಲಿಸಿತು. ಗೆದ್ದವರು ಈಶ್ವರ ಖಂಡ್ರೆಯವರ ಮಗ, 26ರ ಹರೆಯದ ಸಾಗರ್ ಖಂಡ್ರೆ. ಆಳಂದ, ಚಿಂಚೋಳಿ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಐದು ಬಿಜೆಪಿಯ ಕೈಯಲ್ಲಿದ್ದಾಗ ಇದು ನಡೆಯಿತು. ರಾಜ್ಯದ ಕಾಂಗ್ರೆಸ್ ಸರ್ಕಾರದ ಗ್ಯಾರಂಟಿ ಯೋಜನೆಗಳ ಪ್ರಭಾವವನ್ನು ಅಲ್ಲಗಳೆಯಲಾಗದು. ಅಷ್ಟೇ ಮುಖ್ಯವಾದದ್ದು, ಔರಾದಿನವರೇ ಆದ ಖೂಬಾ ಮತ್ತು ಔರಾದಿನ ಶಾಸಕ ಚವ್ಹಾಣ್ ನಡುವಿನ ಮನಸ್ತಾಪ. ಖೂಬಾ ಅವರಿಗೆ ಟಿಕೆಟ್ ಕೊಡಬಾರದೆಂದು ಚವ್ಹಾಣ್ ಬಹಿರಂಗವಾಗಿಯೇ ಪಟ್ಟು ಹಿಡಿದಿದ್ದರು. ಕರೆಯುವವರೇ ಮನಸ್ಸಿಲ್ಲದೆ ನಿಂತರೆ ಬರುವವರು ಎಲ್ಲಿಂದ ಬರಬೇಕು?

ಮತದಾನದ ಪ್ರಮಾಣದ ಅಂಕಿಗೆ ಬಂದರೆ, ಬೀದರ್ ಲೋಕಸಭಾ ಕ್ಷೇತ್ರದಲ್ಲಿ 2014ರಲ್ಲಿ ಶೇ 60ರ ಆಸುಪಾಸು, 2019ರಲ್ಲಿ 63ರ ಆಸುಪಾಸು, 2024ರಲ್ಲಿ 65ರ ಮೇಲೆ. ಏರುತ್ತಿದೆ. ರಾಜ್ಯದ ಸರಾಸರಿ ಇದೇ ಮೂರು ವರ್ಷಗಳಲ್ಲಿ 67, 68.8, 70.6. ಅಂದರೆ ಬೀದರ್ ಮೂರೂ ಸಲ ರಾಜ್ಯಕ್ಕಿಂತ ಐದರಿಂದ ಏಳು ಅಂಶ ಹಿಂದೆ. ಇದನ್ನು ನೋಡಿ ‘ಹಿಂದುಳಿದ ಜಿಲ್ಲೆ, ಜಾಗೃತಿ ಸಾಲದು’ ಎಂದು ಷರಾ ಬರೆಯುವವರು ಶೇಕಡಾವಾರು ಲೆಕ್ಕದ ಛೇದವನ್ನು ಮರೆತಿರುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದು ಊರಿನಲ್ಲಿ ಇಲ್ಲದವನು ಪ್ರತಿ ಚುನಾವಣೆಯಲ್ಲೂ ‘ಮತ ಹಾಕದವನು’. ಬಿಹಾರದಲ್ಲಿ 2025ರಲ್ಲಿ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದು ಕರಡಿನಲ್ಲೇ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದ ಮೇಲೆ ನಡೆದ ಚುನಾವಣೆಯಲ್ಲಿ ಮತದಾನ ದಾಖಲೆ ಮಟ್ಟಕ್ಕೆ, ಶೇ 67ರ ಹತ್ತಿರಕ್ಕೆ, ಏರಿತು. ಅದರಲ್ಲಿ ಉತ್ಸಾಹವೆಷ್ಟು, ಛೇದ ಕುಗ್ಗಿದ್ದೆಷ್ಟು ಎಂಬ ವಾದ ಮುಗಿದಿಲ್ಲ. ಹೆಸರು ತೆಗೆಯುವುದೇ ಪರಿಹಾರ ಎಂದು ಇದರ ಅರ್ಥವಲ್ಲ. ಊರು ಬಿಟ್ಟವನ ಮತ ಎಲ್ಲಿ ಹೋಯಿತು ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ.

ಬೀದರಿನ ಮಟ್ಟಿಗೆ ಅದು ಹೈದರಾಬಾದಿನಲ್ಲಿದೆ, ಪುಣೆಯಲ್ಲಿದೆ, ಮುಂಬೈಯಲ್ಲಿದೆ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್. ಸೋಯಾ, ತೊಗರಿ, ಉದ್ದು, ಹೆಸರು ಬೆಳೆಯುವ ಈ ಮಳೆಯಾಶ್ರಿತ ನೆಲದಲ್ಲಿ ರಾಶಿ ಮುಗಿದು ಬೇಸಿಗೆ ಬಂತೆಂದರೆ ಕೈಗೆ ಕೆಲಸವಿರುವುದಿಲ್ಲ. ಔರಾದಿನ ತಾಂಡಾಗಳು ಅರ್ಧ ಬರಿದಾಗುತ್ತವೆ. ಚುನಾವಣೆ ಬರುವುದೂ ಆಗಲೇ: ಏಪ್ರಿಲ್, ಮೇ.

2024ರ ವೇಳಾಪಟ್ಟಿಯನ್ನೇ ನೋಡಿ. ಔರಾದಿನ ಪಕ್ಕದ ನಾಂದೇಡದಲ್ಲಿ ಮತದಾನ ಏಪ್ರಿಲ್ 26ಕ್ಕೆ. ಬೀದರ್ ಮತ್ತು ಲಾತೂರಿನಲ್ಲಿ ಮೇ 7ಕ್ಕೆ. ಜಹೀರಾಬಾದ್, ಹೈದರಾಬಾದ್ ಸೇರಿ ಇಡೀ ತೆಲಂಗಾಣದಲ್ಲಿ ಮೇ 13ಕ್ಕೆ. ಹೈದರಾಬಾದಿನ ಕಟ್ಟಡದಲ್ಲಿ ಕೆಲಸ ಮಾಡುವ ಔರಾದಿನ ಮೇಸ್ತ್ರಿಗೆ ಮೇ 7 ಒಂದು ಮಂಗಳವಾರ ಅಷ್ಟೆ. ಅಲ್ಲಿ ರಜೆ ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಬೇರೆ ಕಡೆ ಮತವಿರುವ ಕಾರ್ಮಿಕನಿಗೂ ಸಂಬಳದ ರಜೆ ಸಿಗಬೇಕು, ದಿನಗೂಲಿಯವನಿಗೂ ಸಿಗಬೇಕು. ಆ ಕಲಮು ಓದಿದ ಗುತ್ತಿಗೆದಾರನನ್ನು ಹುಡುಕಿಕೊಂಡು ಹೋಗಬೇಕು. ಬಸ್ಸಿನ ಮಾತೂ ಅಷ್ಟೇ. ಕರ್ನಾಟಕದ ಶಕ್ತಿ ಯೋಜನೆ ರಾಜ್ಯದೊಳಗೆ; ತೆಲಂಗಾಣದ ಮಹಾಲಕ್ಷ್ಮಿ ಯೋಜನೆ ಆ ರಾಜ್ಯದ ಹೆಂಗಸರಿಗೆ. ಎರಡೂ ರಾಜ್ಯಗಳಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಎರಡರ ನಡುವೆ ಓಡಾಡುವ ಔರಾದಿನ ಹೆಂಗಸಿಗೆ ಮಾತ್ರ ಟಿಕೆಟ್ಟು. ಒಂದು ದಿನದ ಕೂಲಿ, ಹೋಗಿಬರುವ ಖರ್ಚು ಕೂಡಿದರೆ ಒಂದು ಮತದ ಬೆಲೆ ಅವಳಿಗೆ ಒಂದು ಸಾವಿರ ರೂಪಾಯಿ ದಾಟುತ್ತದೆ. ಹಾಗಿರುವಾಗ ಅಭ್ಯರ್ಥಿಯ ಕಡೆಯವರು ಜೀಪು ಕಳಿಸಿದರೆ ಅವಳು ಹತ್ತುತ್ತಾಳೆ. ಮತದಾರರನ್ನು ವಾಹನದಲ್ಲಿ ಕರೆತರುವುದು ಕಾನೂನಿನ ಪ್ರಕಾರ ಭ್ರಷ್ಟ ಆಚರಣೆ. ಕರೆತರದಿದ್ದರೆ ಅವಳು ಶೇಕಡಾವಾರಿನ ಹೊರಗೆ. ಚುನಾವಣಾ ಆಯೋಗ ವಯಸ್ಸಾದವರ ಮನೆಗೆ ಮತಪೆಟ್ಟಿಗೆ ಒಯ್ಯುತ್ತದೆ, ಸೈನಿಕರಿಗೆ ಅಂಚೆ ಮತ ಕೊಟ್ಟಿದೆ. ಗುಳೆ ಹೋದವರಿಗೆ ಇನ್ನೂ ಏನನ್ನೂ ಕೊಟ್ಟಿಲ್ಲ. 2022ರ ಕೊನೆಯಲ್ಲಿ ಆಯೋಗವೇ ಪ್ರಸ್ತಾಪಿಸಿದ ದೂರಮತದಾನದ ಯಂತ್ರವನ್ನು ಪಕ್ಷಗಳು ಒಪ್ಪಲಿಲ್ಲ. ಪಕ್ಷಗಳ ಅನುಮಾನಕ್ಕೆ ಕಾರಣಗಳಿದ್ದವು ನಿಜ, ಅದಕ್ಕೆ ಬದಲಿಯಾಗಿ ಅವು ಏನನ್ನೂ ಹೇಳಲಿಲ್ಲ ಎಂಬುದೂ ನಿಜ.

ಇದಕ್ಕೆ ವಿರುದ್ಧವಾದ ಚಿತ್ರ ಗ್ರಾಮ ಪಂಚಾಯಿತಿಯದು. 2020ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ, ಕೊರೊನಾದ ಭಯದ ನಡುವೆಯೂ, ಮತದಾನ ಶೇ 80ನ್ನು ದಾಟಿತು. ಬೇರೆಲ್ಲ ಜಿಲ್ಲೆಗಳಲ್ಲಿ ಕಾಗದದ ಮತಪತ್ರ ಬಳಸಿದರೆ ಬೀದರಿನಲ್ಲಿ ಮಾತ್ರ ಮತಯಂತ್ರ ಬಳಸಿದರು. ಪಕ್ಷದ ಚಿಹ್ನೆಯೇ ಇಲ್ಲದ ಚುನಾವಣೆಗೆ ಲೋಕಸಭೆಗಿಂತ ಹೆಚ್ಚು ಜನ ಬರುತ್ತಾರೆ. ಅಭ್ಯರ್ಥಿ ಓಣಿಯವನು, ಗೆದ್ದರೆ ನಲ್ಲಿ ಬರುತ್ತದೆ, ಸೋತರೆ ಮುಖ ನೋಡುವುದು ಕಷ್ಟ. ಹತ್ತು ಮತದಲ್ಲಿ ಸೋಲು–ಗೆಲುವು. ಬೀದರ್ ದಕ್ಷಿಣದಲ್ಲಿ 2023ರಲ್ಲಿ ಶೈಲೇಂದ್ರ ಬೆಲ್ದಾಳೆ ಗೆದ್ದದ್ದು 1,263 ಮತದಿಂದ. ಒಬ್ಬ ಸಮರ್ಥ ಗ್ರಾಮ ಪಂಚಾಯಿತಿ ಸದಸ್ಯ ತನ್ನ ಊರಿನಿಂದ ಅಷ್ಟು ಜನರನ್ನು ಹೊರಡಿಸಬಲ್ಲ.

ಹಾಗಾದರೆ ಹಂಗು ಒಳ್ಳೆಯದೇ? ಮನೆತನದ, ಬ್ಯಾಂಕಿನ, ಕಾರ್ಖಾನೆಯ ಸಂಬಂಧದಿಂದ ಬರುವ ಮತ ಕಾರಂಜಾ ಜಲಾಶಯಕ್ಕೆ ಹೊಲ ಕಳೆದುಕೊಂಡವರ ಪರಿಹಾರದ ಬಗ್ಗೆ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಆ ಸಂತ್ರಸ್ತರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಈ ಅವಧಿಯಲ್ಲಿ ಎಲ್ಲ ಪಕ್ಷಗಳೂ ಗೆದ್ದಿವೆ, ಸೋತಿವೆ. ಮುಚ್ಚಿದ ಸಕ್ಕರೆ ಕಾರ್ಖಾನೆ ಚುನಾವಣೆಗೊಮ್ಮೆ ಭರವಸೆಯಲ್ಲಿ ತೆರೆಯುತ್ತದೆ. ಈ ಭಾಗದವರಿಗೆ ಉದ್ಯೋಗದಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ 2013ರಿಂದ ಜಾರಿಯಲ್ಲಿದೆ, ಅದರ ಹುದ್ದೆಗಳು ಪೂರ್ತಿ ತುಂಬಿಲ್ಲ. ಕರೆದಲ್ಲಿಗೆ ಬರುವ ಮತದಾರ ಕೇಳಿದ್ದಕ್ಕೆ ಉತ್ತರ ಪಡೆಯುವ ಮತದಾರನಾಗಿಲ್ಲ ಎಂಬುದು ಭಾಲ್ಕಿಯ ಹೆಚ್ಚಿನ ಮತದಾನದ ಇನ್ನೊಂದು ಮುಖ. ಬೀದರಿನ ಹೊಸ ಬಡಾವಣೆಯವನು ಮನೆಯಲ್ಲಿ ಕೂತು ಭಾಲ್ಕಿಯವನನ್ನು ‘ಹಂಗಿನ ಮತದಾರ’ ಎಂದು ಹೀಗಳೆಯುವುದಕ್ಕೂ ಅರ್ಥವಿಲ್ಲ. ಬಂದವನು ಹಂಗಿನಿಂದಲಾದರೂ ಬಂದ.

ಪಟ್ಟಣದಲ್ಲಿ ಹಳೆಯ ಸಂಬಂಧ ಕಳಚಿದ ಮೇಲೆ ಹೊಸದು ಬೆಳೆಯಬೇಕಾದದ್ದು ಸ್ಥಳೀಯ ಸಂಸ್ಥೆಗಳಲ್ಲಿ. ವಾರ್ಡಿನ ಸದಸ್ಯ, ತಾಲ್ಲೂಕು ಪಂಚಾಯಿತಿ ಸದಸ್ಯ, ಜಿಲ್ಲಾ ಪಂಚಾಯಿತಿ ಸದಸ್ಯ ಇವರೇ ಮನೆತನಗಳ ಆಚೆಗೆ ಹೊಸ ನಾಯಕರು ಹುಟ್ಟುವ ಜಾಗ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಒಂದಾದ ಮೇಲೊಂದು ಕಾರಣ ಹೇಳುತ್ತ, ಆಳಿದ ಸರ್ಕಾರಗಳೆಲ್ಲ ಅಧಿಕಾರಿಗಳ ಕೈಯಲ್ಲೇ ಆಡಳಿತ ಬಿಟ್ಟವು. ಮತದಾನ ಜಾಗೃತಿಗೆ ಜಾಥಾ ನಡೆಸುವ ಜಿಲ್ಲಾ ಸ್ವೀಪ್ ಸಮಿತಿಯ ಅಧ್ಯಕ್ಷರು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಅವರ ಪಂಚಾಯಿತಿಗೇ ಚುನಾವಣೆ ಇಲ್ಲ.

ಈ ಸಭೆಯಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಉಳಿದಿದೆ. ಪ್ರತಿ ಚುನಾವಣೆಯ ನಂತರ ಮತಗಟ್ಟೆವಾರು ಎಣಿಕೆಯ ಪಟ್ಟಿಯನ್ನು, ‘ನಮೂನೆ 20’ ಎಂಬ ಹೆಸರಿನಲ್ಲಿ, ಮುಖ್ಯ ಚುನಾವಣಾಧಿಕಾರಿಗಳು ಸಾರ್ವಜನಿಕರಿಗೆ ಬಿಡುಗಡೆ ಮಾಡುತ್ತಾರೆ. ಬೀದರ್, ಭಾಲ್ಕಿ, ಔರಾದ್‌ಗಳ 2013, 2018, 2023ರ ಪಟ್ಟಿಗಳನ್ನು ಇಳಿಸಿಕೊಂಡು ಓಣಿ ಓಣಿಯ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಯಾವ ಬೂತಿನಲ್ಲಿ ನೂರಕ್ಕೆ ಎಂಬತ್ತು ಜನ ಬಂದರು, ಯಾವ ಬೂತಿನಲ್ಲಿ ನಲವತ್ತೈದು, ಅಲ್ಲಿಂದ ಯಾರು ಎಲ್ಲಿಗೆ ಗುಳೆ ಹೋದರು ಎಂದು ಮನೆ ಮನೆಗೆ ಹೋಗಿ ಕೇಳಬೇಕು. ಜಿಲ್ಲೆಗೆ ಈಗ ತನ್ನದೇ ಬೀದರ್ ವಿಶ್ವವಿದ್ಯಾಲಯವಿದೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡುವವರು ಕಿರುಪ್ರಬಂಧಕ್ಕೆ ದೆಹಲಿಯ ವಿಷಯ ಹುಡುಕುವುದನ್ನು ಒಂದು ವರ್ಷ ಬಿಟ್ಟು, ತಮ್ಮ ಓಣಿಯ ಬೂತಿನಿಂದ ಶುರುಮಾಡಲಿ.